ಮುಂಜಾವಿನ ಗಾಳಿ ಎಷ್ಟು ಶುದ್ಧ?

ಮಾಗಿಯ ಕಾಲದ ಒಂದು ಮುಂಜಾನೆ, ಹೊತ್ತು ಮೂಡುವುದಕ್ಕೆ ಮೊದಲೇ ಎದ್ದು, ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಹೊರಗೆ ನಿಂತು ಊರಿನ ಕಡೆಗೆ ನೋಡಿರಿ. ಕಲ್ಯಾಣದ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯದಿಂದ ಹೆಸರುವಾಸಿಯಾದ ಊರು ಅದು. ಅಲ್ಲಿಯ ಕೆತ್ತನೆಯನ್ನು ನೋಡಲೆಂದೇ ದೂರದಿಂದ ಬರುವವರುಂಟು. ನಾವು ಈಗ ನೋಡಬೇಕಾದುದು ಕೆತ್ತನೆಯನ್ನಲ್ಲ, ಹೊಗೆಯನ್ನು. ಬಚ್ಚಲುಮನೆಗಳಲ್ಲಿ ನೀರು ಕಾಯಿಸುವ ಹಂಡೆಯ ಒಲೆಗೆ ಆಗಲೇ ಉರಿ ಬಿದ್ದಿರುತ್ತದೆ. ಜಾಲಿಯ ಕಟ್ಟಿಗೆ, ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆ, ಒಣಗಿದ ದಂಟು ಇವುಗಳ ಹೊಗೆ ಮಾಡಿನ ಸಂದಿಯಿಂದ ಹೊರಬಂದು ಮೊದಲು ನೆಟ್ಟಗೆ ಮೇಲೇಳುವುದು. ಬೇವಿನ ಮರದ ತಲೆಯನ್ನು ದಾಟಿ ಇನ್ನಷ್ಟು ಏರುವಷ್ಟರಲ್ಲಿ, ಯಾರೋ ಅಂಗೈಯಿಂದ ಒತ್ತಿ ಹಿಡಿದಂತೆ ತಡೆದು ನಿಂತು, ಅಡ್ಡಲಾಗಿ ಹರಡಿಕೊಳ್ಳುವುದು. ಊರಿನ ಮೇಲೆ ಬೂದುಬಣ್ಣದ ತೆಳ್ಳನೆಯ ಪಂಚೆಯೊಂದನ್ನು ಹಾಸಿದಂತೆ ಕಾಣುವುದು.

ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಅದೇ ಜಾಗದಲ್ಲಿ ಮತ್ತೆ ನಿಂತು ನೋಡಿರಿ. ಯಾರದೋ ಮನೆಯ ಒಲೆ ಆಗಲೂ ಉರಿಯುತ್ತಿರಬಹುದು. ಆದರೆ ಹೊಗೆ ಒಂದೆಡೆ ನಿಲ್ಲುವುದಿಲ್ಲ. ಅತ್ತಿತ್ತ ತೊನೆದು, ಸುರುಳಿ ಸುತ್ತಿ, ಆಕಾಶದಲ್ಲಿ ಕರಗಿಹೋಗುವುದು. ಒಲೆ ಅದೇ, ಕಟ್ಟಿಗೆ ಅದೇ, ಹೊಗೆಯೂ ಅದೇ. ಬದಲಾದುದು ಯಾವುದು?

ಈ ಪ್ರಶ್ನೆಗೆ ಉತ್ತರ ದೊರೆತರೆ, ದಾವಣಗೆರೆ ಬೆಂಗಳೂರುಗಳಂಥ ನಗರಗಳಲ್ಲಿ ಗಾಳಿಯ ಧೂಳು ಹೊತ್ತಿಗೊಂದು ಬಗೆಯಾಗುವುದೇಕೆ ಎಂಬುದೂ ತಿಳಿಯುವುದು. ಹಳ್ಳಿಯಲ್ಲಿ ಹತ್ತಾರು ಒಲೆಗಳಿದ್ದರೆ ನಗರದಲ್ಲಿ ಲಕ್ಷಾಂತರ ವಾಹನಗಳು, ಕಾರ್ಖಾನೆಗಳು, ಹೋಟೆಲುಗಳು, ಕಸದ ಬೆಂಕಿಗಳು. ಒಡೆಯುವ ಕಟ್ಟಡಗಳು, ಏಳುವ ಕಟ್ಟಡಗಳು. ದಾವಣಗೆರೆಯಲ್ಲಾದರೆ ಇವೆಲ್ಲಕ್ಕೂ ಮಂಡಕ್ಕಿ ಭಟ್ಟಿಗಳ ಹೊಗೆಯನ್ನು ಸೇರಿಸಿಕೊಳ್ಳಬೇಕು. ನೀಲಗುಂದದ ಸುತ್ತಿನ ಹುಡುಗರು ಕಾಲೇಜಿಗೆಂದು ಹೋಗಿಬರುವ ಈ ನಗರವು, 2019ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯ ಗುಣಮಟ್ಟವು ನಿಗದಿತ ಮಿತಿಯನ್ನು ಮೀರಿದ ಊರುಗಳ ಪಟ್ಟಿಯಲ್ಲಿ ಸೇರಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದವು ನಾಲ್ಕೇ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ.

ಬೀಳದೆ ತೇಲುವ ಕಣಗಳು

ನಗರದ ಗಾಳಿಯಲ್ಲಿ ತೇಲುವ ಕಣಗಳನ್ನು ವಿಜ್ಞಾನಿಗಳು ಗಾತ್ರಕ್ಕೆ ಅನುಸಾರವಾಗಿ ವಿಂಗಡಿಸುವರು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನು ಎಂದು ಹೆಸರು. ವ್ಯಾಸವು ಹತ್ತು ಮೈಕ್ರಾನಿನೊಳಗಿರುವ ಕಣಗಳಿಗೆ ಪಿ.ಎಂ. 10 ಎಂದೂ, ಎರಡೂವರೆ ಮೈಕ್ರಾನಿನೊಳಗಿರುವ ಕಣಗಳಿಗೆ ಪಿ.ಎಂ. 2.5 ಎಂದೂ ಕರೆಯುವುದು ವಾಡಿಕೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನು. ಎಂದರೆ ಎರಡನೆಯ ಗುಂಪಿನ ಅತಿ ದೊಡ್ಡ ಕಣವೂ ಕೂದಲಿನ ದಪ್ಪದ ಇಪ್ಪತ್ತೆಂಟರಲ್ಲೊಂದು ಪಾಲನ್ನು ಮೀರದು. ಮಣ್ಣಿನ ಧೂಳು ಬಹುಮಟ್ಟಿಗೆ ದಪ್ಪ ಕಣಗಳ ಗುಂಪಿಗೆ ಸೇರಿದುದು. ಹೊಗೆ, ಮಸಿ, ಹೊಗೆಯ ಅನಿಲಗಳಿಂದ ಗಾಳಿಯಲ್ಲಿಯೇ ಹುಟ್ಟುವ ಲವಣಕಣಗಳು ಇವೆಲ್ಲ ಸೂಕ್ಷ್ಮ ಕಣಗಳ ಗುಂಪಿಗೆ ಸೇರಿದವು. ಮೂಗು ಗಂಟಲುಗಳು ದಪ್ಪ ಕಣವನ್ನು ಬಹುಪಾಲು ತಡೆಯಬಲ್ಲವು. ಸೂಕ್ಷ್ಮ ಕಣವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಇಳಿಯುವುದು.

ಕಲ್ಲಾದರೆ ಮೇಲೆಸೆದರೆ ಬೀಳುತ್ತದೆ, ಧೂಳೇಕೆ ಬೀಳುವುದಿಲ್ಲ? ಧೂಳೂ ಬೀಳುತ್ತದೆ, ಆದರೆ ಅದರ ಅವಸರ ಬೇರೆ. ನಿಶ್ಚಲವಾದ ಗಾಳಿಯಲ್ಲಿ, ನೀರಿನಷ್ಟು ಸಾಂದ್ರತೆಯುಳ್ಳ ಹತ್ತು ಮೈಕ್ರಾನಿನ ಕಣವೊಂದು ಆಳೆತ್ತರದಿಂದ ನೆಲಕ್ಕಿಳಿಯಲು ಹತ್ತು ನಿಮಿಷದಷ್ಟು ಕಾಲ ತೆಗೆದುಕೊಳ್ಳುವುದು. ಒಂದು ಮೈಕ್ರಾನಿನ ಕಣಕ್ಕೆ ಅಷ್ಟೇ ದೂರ ಇಳಿಯಲು ಹನ್ನೆರಡು ಗಂಟೆಗೂ ಮಿಕ್ಕ ಕಾಲ ಬೇಕು. ಇಷ್ಟರಲ್ಲಿ ಗಾಳಿಯ ಒಂದು ಸಣ್ಣ ಅಲುಗಾಟವೂ ಅದನ್ನು ಮತ್ತೆ ಮೇಲಕ್ಕೆತ್ತಿಬಿಡುವುದು. ಆದುದರಿಂದ ಇಂಥ ಕಣಗಳ ಮಟ್ಟಿಗೆ ನೆಲವು ಕೊನೆಯ ನಿಲ್ದಾಣವಲ್ಲ. ಗಾಳಿ ಹೋದಲ್ಲಿಗೆ ಅವು ಹೋಗುವುವು. ಗಾಳಿ ನಿಂತಲ್ಲಿ ನಿಲ್ಲುವುವು. ಮಳೆ ಬಂದರೆ ಮಾತ್ರ ತೊಳೆದು ಇಳಿಯುವುವು.

ಏರಿಳಿಯುವ ಮುಚ್ಚಳ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಸೂರ್ಯನ ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಅತ್ಯಲ್ಪ. ಅದು ನೆಲವನ್ನು ಕಾಯಿಸುವುದು. ಕಾದ ನೆಲ ತನ್ನನ್ನು ತಾಗಿದ ಗಾಳಿಯನ್ನು ಕಾಯಿಸುವುದು. ಬಿಸಿಗಾಳಿ ಹಗುರವಾಗಿ ಮೇಲೇರಿದಂತೆ, ಅದರ ಸ್ಥಾನಕ್ಕೆ ಮೇಲಿನ ತಣ್ಣನೆಯ ಗಾಳಿ ಇಳಿದುಬರುವುದು. ಒಲೆಯ ಮೇಲಿಟ್ಟ ಅನ್ನದ ಗಡಿಗೆಯಲ್ಲಿ ಎಸರು ಕೊತಕೊತನೆ ಕುದಿಯುವುದನ್ನು ನೀವು ನೋಡಿದ್ದೀರಷ್ಟೆ? ಮಧ್ಯಾಹ್ನದ ಹೊತ್ತಿನಲ್ಲಿ ನಮ್ಮ ಬಯಲುಸೀಮೆಯ ಮೇಲಿನ ಗಾಳಿಯು ಹಾಗೆ ಮೊಗಚುತ್ತಿರುವುದು. ಈ ಕುದಿತ ಒಂದು ಎತ್ತರದವರೆಗೆ ಮಾತ್ರ. ಚಳಿಗಾಲದ ಮಧ್ಯಾಹ್ನ ಸಾಮಾನ್ಯವಾಗಿ ಒಂದರಿಂದ ಎರಡು ಕಿಲೊಮೀಟರು, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ನೆಲದಲ್ಲಿ ಹುಟ್ಟಿದ ಹೊಗೆ ಆ ಎತ್ತರದವರೆಗೆ ಕಲಸಿಹೋಗುವುದು. ಅದಕ್ಕೆ ಮಿಶ್ರಣದ ಪದರ ಎಂದು ಹೆಸರು.

ಸಂಜೆಯಾಯಿತು. ಬಿಸಿಲು ಹೋಯಿತು. ನೆಲವು ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತ ಬೇಗ ಬೇಗ ತಣಿಯತೊಡಗುವುದು. ಅದನ್ನು ತಾಗಿದ ಗಾಳಿಯೂ ತಣಿಯುವುದು. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಣ್ಣಗಾಗಬೇಕು. ಕಿಲೊಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುವುದು. ಆದರೆ ಮೋಡವಿಲ್ಲದ, ಗಾಳಿ ಬೀಸದ ಮಾಗಿಯ ರಾತ್ರಿಯಲ್ಲಿ ಲೆಕ್ಕ ತಲೆಕೆಳಗಾಗುವುದು. ಕೆಳಗೆ ತಣ್ಣನೆಯ, ಭಾರವಾದ ಗಾಳಿ. ಅದರ ಮೇಲೆ ಬೆಚ್ಚಗಿನ, ಹಗುರವಾದ ಗಾಳಿ. ಇದೇ ಉಷ್ಣತಾ ವಿಪರ್ಯಯ. ಭಾರವಾದದ್ದು ಕೆಳಗೂ ಹಗುರವಾದದ್ದು ಮೇಲೂ ನೆಲೆಯಾಗಿ ಕುಳಿತ ಮೇಲೆ ಕಲಸುವವರಾರು? ಒಲೆಯ ಹೊಗೆ ಸ್ವಲ್ಪ ದೂರ ಏರಿ, ತನ್ನಷ್ಟೇ ಬೆಚ್ಚಗಿರುವ ಗಾಳಿ ಎದುರಾದೊಡನೆ ಅಲ್ಲಿಯೇ ನಿಂತುಬಿಡುವುದು. ನೀಲಗುಂದದ ಮೇಲೆ ಪಂಚೆ ಹಾಸಿದವರು ಯಾರೆಂದು ಈಗ ತಿಳಿಯಿತಲ್ಲವೆ? ಆ ಹೊತ್ತಿನಲ್ಲಿ ಗಾಳಿಯ ಮುಚ್ಚಳವು ನೆಲದಿಂದ ಕೇವಲ ನೂರು ಇನ್ನೂರು ಮೀಟರು ಎತ್ತರದಲ್ಲಿ ಇರಬಹುದು.

ಇದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿದುಕೊಳ್ಳಬಹುದು. ಒಂದು ಚದರ ಕಿಲೊಮೀಟರು ವಿಸ್ತಾರದ ಕಲ್ಪಿತ ಪೇಟೆಯೊಂದರ ಮೇಲೆ 20 ಕಿಲೊಗ್ರಾಮು ಸೂಕ್ಷ್ಮ ಕಣಗಳು ತೇಲುತ್ತಿವೆಯೆನ್ನೋಣ. ಮುಚ್ಚಳವು 200 ಮೀಟರು ಎತ್ತರದಲ್ಲಿದ್ದರೆ ಅವಕ್ಕೆ ದೊರೆಯುವ ಜಾಗ 20 ಕೋಟಿ ಘನಮೀಟರು. ಒಂದೊಂದು ಘನಮೀಟರಿಗೆ 100 ಮೈಕ್ರೊಗ್ರಾಮು ಬೀಳುವುದು. ಮುಚ್ಚಳವು 1600 ಮೀಟರಿಗೆ ಏರಿದರೆ ಅದೇ 20 ಕಿಲೊಗ್ರಾಮು ಕಣಗಳಿಗೆ 160 ಕೋಟಿ ಘನಮೀಟರು ಜಾಗ. ಒಂದು ಘನಮೀಟರಿಗೆ ಹನ್ನೆರಡೂವರೆ ಮೈಕ್ರೊಗ್ರಾಮು ಮಾತ್ರ. ಒಂದು ವಾಹನವನ್ನೂ ನಿಲ್ಲಿಸದೆ, ಒಂದು ಒಲೆಯನ್ನೂ ಆರಿಸದೆ ಗಾಳಿ ಎಂಟು ಪಾಲು ತಿಳಿಯಾಯಿತು! ನಿಜವಾದ ಊರಿನಲ್ಲಿ ಗಾಳಿ ಬೀಸುವುದು, ಹೊಸ ಹೊಗೆ ಸೇರುತ್ತಲೇ ಇರುವುದು. ಲೆಕ್ಕ ಇಷ್ಟು ಸರಳವಾಗಿರದು. ಆದರೂ ದಿಕ್ಕು ಇದೇ.

ಇನ್ನು ಗಡಿಯಾರವನ್ನು ಹಿಡಿದು ನಗರದ ಒಂದು ದಿನವನ್ನು ನೋಡೋಣ. ಬೆಂಗಳೂರಿನಂಥ ಒಳನಾಡಿನ ನಗರದಲ್ಲಿ ಚಳಿಗಾಲದ ದಿನಗಳಲ್ಲಿ ಸೂಕ್ಷ್ಮ ಕಣಗಳ ಪ್ರಮಾಣವು ಸೂರ್ಯೋದಯದಿಂದ ಏರುತ್ತ ಹೋಗಿ ಏಳರಿಂದ ಒಂಬತ್ತು ಗಂಟೆಯ ಸುಮಾರಿಗೆ ಒಂದು ಶಿಖರವನ್ನು ಮುಟ್ಟುವುದು. ಹತ್ತರ ಮೇಲೆ ಇಳಿಯತೊಡಗಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದಿನದ ಅತಿ ಕೆಳಗಿನ ಮಟ್ಟದಲ್ಲಿರುವುದು. ಸೂರ್ಯ ಮುಳುಗಿದ ಮೇಲೆ ಮತ್ತೆ ಏರಿ, ರಾತ್ರಿ ಎಂಟರಿಂದ ಹತ್ತರ ನಡುವೆ ಎರಡನೆಯ ಶಿಖರ. ನಡುರಾತ್ರಿಯ ಮೇಲೆ ಸಂಚಾರ ಕಡಿಮೆಯಾದುದರಿಂದ ತುಸು ತಗ್ಗುವುದು. ಆದರೆ ಮುಚ್ಚಳ ಕೆಳಗೇ ಇರುವುದರಿಂದ ಪೂರ್ತಿ ತಿಳಿಯಾಗದು. ಒಂಟೆಯ ಬೆನ್ನಿನಂತೆ ಎರಡು ಡುಬ್ಬಗಳುಳ್ಳ ರೇಖೆ ಎಂದುಕೊಳ್ಳಿರಿ. (ನಮ್ಮ ಕಡೆಯ ಒಂಟೆಗೆ ಒಂದೇ ಡುಬ್ಬ, ಇದು ಮಧ್ಯ ಏಷ್ಯದ ಒಂಟೆ.)

ಬೆಳಗಿನ ಡುಬ್ಬದಲ್ಲಿ ಒಂದು ಸೋಜಿಗವಿದೆ. ಸೂರ್ಯ ಹುಟ್ಟಿದೊಡನೆ ಮುಚ್ಚಳ ಏರತೊಡಗುವುದಾದರೆ ಕಣಗಳು ಅಂದಿನಿಂದಲೇ ಇಳಿಮುಖವಾಗಬೇಕಿತ್ತು. ಹಾಗಾಗದೆ ಒಂದೆರಡು ಗಂಟೆ ಏರುವುದೇಕೆ? ಶಾಲೆ, ಕಚೇರಿ, ಕಾರ್ಖಾನೆಗಳಿಗೆ ಜನ ಹೊರಡುವ ಹೊತ್ತು ಅದೇ ಎಂಬುದು ಒಂದು ಕಾರಣ. ಇನ್ನೊಂದು ಕಾರಣವು ಆಕಾಶದಲ್ಲಿದೆ. ಹಿಂದಿನ ಮಧ್ಯಾಹ್ನ ಎತ್ತರಕ್ಕೇರಿದ ಹೊಗೆಯ ಒಂದು ಪಾಲು ರಾತ್ರಿಯೆಲ್ಲ ಮುಚ್ಚಳದ ಮೇಲೆಯೇ ತಂಗಿರುತ್ತದೆ. ಎತ್ತರವಾದ ಕಾರ್ಖಾನೆಯ ಕೊಳವೆ ರಾತ್ರಿ ಉಗುಳಿದ ಹೊಗೆಯೂ ಅಲ್ಲಿಯೇ ಇರುತ್ತದೆ. ಬೆಳಗ್ಗೆ ನೆಲ ಕಾದು ಕೆಳಗಿನ ಕುದಿತವು ಮೇಲೇರುತ್ತ ಆ ಪದರವನ್ನು ಮುಟ್ಟಿದೊಡನೆ, ಅಲ್ಲಿದ್ದ ಹೊಗೆ ಕೆಳಕ್ಕೆ ಮೊಗಚಿಬೀಳುವುದು. ನಿನ್ನೆಯ ಹೊಗೆ ಇಂದಿನ ಉಸಿರಿಗೆ ಬರುವುದು ಹೀಗೆ.

ಮೇಲಿನವರಿಗೆ ಈ ಲೆಕ್ಕ ತಿರುವುಮುರುವು. ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಾಳಿಯ ಧೂಳಿಕಣಗಳನ್ನು ಎಣಿಸುವ ಸಲಕರಣೆಯೊಂದನ್ನು ರಚಿಸಿದನು. ಕಣಗಳ ಮೇಲೆ ನೀರಿನ ಹಬೆ ತಂಗಿ ಹನಿಯಾಗುವಂತೆ ಮಾಡಿ, ಆ ಹನಿಗಳನ್ನು ಎಣಿಸುವುದು ಅವನ ಉಪಾಯ. 1345 ಮೀಟರು ಎತ್ತರದ ಬೆನ್ ನೆವಿಸ್ ಶಿಖರದ ವೀಕ್ಷಣಾಲಯದಲ್ಲಿ ಆ ಸಲಕರಣೆಯಿಂದ ಎಣಿಸಿದಾಗ ಕಣಗಳು ನಸುಕಿನಲ್ಲಿ ಕಡಿಮೆಯಾಗಿಯೂ ಮಧ್ಯಾಹ್ನದ ಮೇಲೆ ಹೆಚ್ಚಾಗಿಯೂ ಕಂಡುಬಂದವು. ಕಣಿವೆಯ ಗಾಳಿ ಹಗಲಿನಲ್ಲಿ ಶಿಖರಕ್ಕೆ ಏರುತ್ತಿದ್ದುದೇ ಇದಕ್ಕೆ ಕಾರಣ. ಅಷ್ಟು ದೂರ ಹೋಗಬೇಕಾದುದಿಲ್ಲ. ನಂದಿಬೆಟ್ಟದ ಮೇಲೆ ಸೂರ್ಯೋದಯವನ್ನು ನೋಡಲು ಹೋದವರು ಕೆಳಗೆ ಬಯಲಿನ ಮೇಲೆ ಮಂಜೂ ಮಬ್ಬೂ ಸೇರಿ ಹರಡಿದ ಬಿಳಿಯ ಪದರವನ್ನು ಕಂಡು ಹಿಗ್ಗುವರು. ಅವರು ನಿಂತಿರುವುದು ಮುಚ್ಚಳದ ಮೇಲೆ. ಅವರ ನೆಂಟರು ಮಲಗಿರುವುದು ಮುಚ್ಚಳದ ಕೆಳಗೆ.

ಈ ಮುಚ್ಚಳದ ಶಾಸ್ತ್ರದಲ್ಲಿ ನಮ್ಮ ದೇಶದವರ ಕೆಲಸವೂ ಉಂಟು. ಪುಣೆಯ ಹವಾಮಾನ ಇಲಾಖೆಯಲ್ಲಿದ್ದ ಎಲ್. ಎ. ರಾಮದಾಸ್ ಅವರು 1932ರಲ್ಲಿ ವಿಚಿತ್ರವಾದ ಸಂಗತಿಯೊಂದನ್ನು ಪ್ರಕಟಿಸಿದರು. ನಿರ್ಮಲವಾದ, ನಿಶ್ಚಲವಾದ ರಾತ್ರಿಗಳಲ್ಲಿ ಅತ್ಯಂತ ತಣ್ಣನೆಯ ಗಾಳಿಯಿರುವುದು ನೆಲವನ್ನು ತಾಗಿ ಅಲ್ಲ, ನೆಲದಿಂದ ಗೇಣು ಮೊಳದಷ್ಟು ಮೇಲೆ ಎಂಬುದೇ ಆ ಸಂಗತಿ. ಬಹುಕಾಲ ಹಲವರು ಇದನ್ನು ನಂಬಲಿಲ್ಲ; ಅಳತೆಯ ತಪ್ಪೆಂದು ತಳ್ಳಿಹಾಕಿದವರೂ ಇದ್ದರು. ಈಗ ಅದಕ್ಕೆ ರಾಮದಾಸ್ ಪದರ ಎಂದೇ ಹೆಸರಾಗಿದೆ. ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಅವರ ಸಂಗಡಿಗರು 1993ರಲ್ಲಿ ಇದಕ್ಕೊಂದು ಸಿದ್ಧಾಂತವನ್ನು ಮಂಡಿಸಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಆರ್. ಶ್ರೀನಿವಾಸ್ ಮತ್ತು ಸಂಗಡಿಗರು ಬಯಲಿನಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಪರೀಕ್ಷೆ ನಡೆಸಿ, ನೆಲದ ಸಮೀಪ ತೇಲುವ ಕಣಗಳೇ ಶಾಖವನ್ನು ಸೂಸಿ ತಮ್ಮ ಸುತ್ತಲ ಗಾಳಿಯನ್ನು ತಣಿಸುತ್ತವೆಂದು 2014ರಲ್ಲಿ ವಿವರಿಸಿದರು. ಎಂದರೆ ಕಣಗಳು ಮುಚ್ಚಳದ ಕೆಳಗೆ ಸುಮ್ಮನೆ ಬಿದ್ದಿರುವ ಸೆರೆಯಾಳುಗಳಲ್ಲ. ರಾತ್ರಿಯ ಚಳಿಯಲ್ಲಿ ಅವಕ್ಕೂ ಕೈವಾಡವುಂಟು. ಹಗಲಿನ ಕಥೆಯೂ ಹೀಗೆಯೇ. 2001ರಲ್ಲಿ ಬೆಂಗಳೂರಿನ ಗಾಳಿಯ ಮಸಿಯನ್ನು ಅಳೆದಾಗ ಕಣಗಳ ಒಟ್ಟು ತೂಕದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಮಸಿಯೇ ಇದ್ದುದು ತಿಳಿದುಬಂದಿತು. ಮಸಿ ಬಿಸಿಲನ್ನು ಮೇಲೆಯೇ ಹೀರಿಕೊಂಡು ಗಾಳಿಯನ್ನು ಕಾಯಿಸುವುದು. ನೆಲಕ್ಕೆ ಅಷ್ಟರಮಟ್ಟಿಗೆ ನೆರಳಾಗುವುದು. ನೆಲ ಕಡಿಮೆ ಕಾದರೆ ಕುದಿತವೂ ಮಂದವಾಗುವುದು.

ಎಲ್ಲ ಊರುಗಳಿಗೂ ಎಲ್ಲ ಕಣಗಳಿಗೂ ಈ ಎರಡು ಡುಬ್ಬಗಳ ನಿಯಮ ಒಂದೇ ಸಮನಾಗಿ ಅನ್ವಯಿಸದು. ಕಡಲ ತೀರದಲ್ಲಿ ಹಗಲು ಕಡಲಗಾಳಿ ಬೀಸಿ ಊರನ್ನು ತೊಳೆಯುವುದು, ಇರುಳು ನೆಲಗಾಳಿ ಊರಿನ ಹೊಗೆಯನ್ನು ಕಡಲಿಗೆ ಒಯ್ಯುವುದು. ನಮ್ಮ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕೆಂಪು ಧೂಳು ದಪ್ಪ ಕಣಗಳದ್ದು. ಅದನ್ನು ಎಬ್ಬಿಸುವುದು ಲಾರಿಯ ಗಾಲಿ ಮತ್ತು ಮಧ್ಯಾಹ್ನದ ಗಾಳಿ. ಬೇಸಿಗೆಯಲ್ಲಿ ಗಾಳಿ ಜೋರಾದಾಗ, ಮುಚ್ಚಳ ಎಷ್ಟೇ ಎತ್ತರದಲ್ಲಿದ್ದರೂ ದಪ್ಪ ಧೂಳು ನಡುಹಗಲಿನಲ್ಲಿಯೇ ಏಳಬಹುದು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಅದಿರುಗಣಿಗಳನ್ನು ನಿಲ್ಲಿಸುವುದಕ್ಕೆ ಮೊದಲು ಆ ದಾರಿಗಳಲ್ಲಿ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸ್ತೆಯಂಚಿನ ಗಿಡಗಳ ಎಲೆಯೇ ಹಸುರಾಗಿ ಕಾಣುತ್ತಿರಲಿಲ್ಲ.

ಸರಾಸರಿಯ ಮರೆಯಲ್ಲಿ

ಹೊತ್ತಿನ ಈ ವ್ಯತ್ಯಾಸವು ಬಹುಕಾಲ ಯಾರ ಗಮನಕ್ಕೂ ಸರಿಯಾಗಿ ಬಾರದೆ ಇದ್ದುದಕ್ಕೆ ಅಳೆಯುವ ರೀತಿಯೇ ಕಾರಣ. ತೂಗಿದ ಸೋಸುಕಾಗದವೊಂದರ ಮೂಲಕ ಗಂಟೆಗಟ್ಟಲೆ ಗಾಳಿಯನ್ನು ಎಳೆದು, ಮತ್ತೆ ತೂಗಿ, ಹೆಚ್ಚಿದ ತೂಕವನ್ನು ಲೆಕ್ಕ ಹಾಕುವುದು ಹಳೆಯ ಪದ್ಧತಿ. ಅನೇಕ ಊರುಗಳಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಹೀಗೆ ಅಳೆಯುವರು. ಇದರಿಂದ ದಿನದ ಮೊತ್ತ ತಿಳಿಯುವುದೇ ಹೊರತು ಗಂಟೆಯ ಕಥೆ ತಿಳಿಯದು. ಈಚಿನ ಸ್ವಯಂಚಾಲಿತ ಯಂತ್ರಗಳಲ್ಲಿ ಪಟ್ಟಿಯಂಥ ಕಾಗದದ ಮೇಲೆ ಧೂಳು ಕೂರುತ್ತ ಹೋದಂತೆ, ಅದರ ಮೂಲಕ ಹಾಯುವ ಬೀಟಾ ಕಿರಣಗಳು ಎಷ್ಟು ಕುಗ್ಗಿದವೆಂಬುದನ್ನು ಅಳೆದು ಗಂಟೆ ಗಂಟೆಗೂ ಲೆಕ್ಕ ಒಪ್ಪಿಸುವ ಏರ್ಪಾಡಿದೆ.

ಆದರೂ ಕಾನೂನಿನ ಕಣ್ಣು ಸರಾಸರಿಯ ಮೇಲೆಯೇ. 2009ರಲ್ಲಿ ಪ್ರಕಟವಾದ ಭಾರತದ ಮಾನಕದಂತೆ ಸೂಕ್ಷ್ಮ ಕಣಗಳು ಇಪ್ಪತ್ತನಾಲ್ಕು ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೊಗ್ರಾಮನ್ನು ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಇನ್ನೂ ಬಿಗಿ, ಕೇವಲ 15. ಒಂದು ಕಲ್ಪಿತ ದಿನವನ್ನು ತೆಗೆದುಕೊಳ್ಳಿರಿ: ಬೆಳಗಿನ ಮೂರು ಗಂಟೆಗಳ ಕಾಲ 130, ಸಂಜೆಯ ನಾಲ್ಕು ಗಂಟೆ 90, ಉಳಿದ ಹದಿನೇಳು ಗಂಟೆ 35. ಕೂಡಿ ಭಾಗಿಸಿದರೆ ಸರಾಸರಿ 56. ದಿನವು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು!

ತೇರ್ಗಡೆಯಾದ ಆ ದಿನದಲ್ಲಿ ಬೆಳಗಿನ ಮೂರು ಗಂಟೆಗಳ ಕಾಲ ಬೀದಿಯಲ್ಲಿದ್ದವರು ಯಾರು? ಪೌರಕಾರ್ಮಿಕರು. ಊರು ಏಳುವುದಕ್ಕೆ ಮೊದಲು ರಸ್ತೆ ಚೊಕ್ಕಟವಾಗಿರಬೇಕೆಂದು ನಸುಕಿನಲ್ಲಿಯೇ ಅವರನ್ನು ಕೆಲಸಕ್ಕೆ ಹಚ್ಚುವುದು ರೂಢಿ. ಮುಚ್ಚಳವು ಅತ್ಯಂತ ಕೆಳಗಿರುವ ಹೊತ್ತಿನಲ್ಲಿ ಅವರು ಕಸಬರಿಕೆ ಹಿಡಿದು, ತಾವೇ ಎಬ್ಬಿಸಿದ ಧೂಳಿನ ನಡುವೆ, ದುಡಿಮೆಯಿಂದ ಏರಿದ ಉಸಿರಿನಲ್ಲಿ ನಿಂತಿರುವರು. ಗುಡಿಸಿದ ಎಲೆಗೆ ಯಾರಾದರೂ ಅಲ್ಲಿಯೇ ಬೆಂಕಿ ಹಚ್ಚಿದರಂತೂ ಕೇಳಬೇಕಾದುದಿಲ್ಲ. ದಿನದ ಸರಾಸರಿಯಲ್ಲಿ ಅವರ ಬೆಳಗು ಎಲ್ಲಿಯೂ ಕಾಣದು. ರಸ್ತೆಗೆ ಮೊದಲು ನೀರು ಚಿಮುಕಿಸುವುದು, ಧೂಳನ್ನು ಹೀರುವ ಯಂತ್ರಗಳನ್ನು ಕೊಳ್ಳುವುದು, ಒಳ್ಳೆಯ ಮುಖಗವಸನ್ನು ಒದಗಿಸುವುದು ಇವೆಲ್ಲ ಸರಿಯೇ. ಆದರೆ ಚಳಿಗಾಲದ ಮೂರು ತಿಂಗಳಾದರೂ ಗುಡಿಸುವ ಹೊತ್ತನ್ನು ಬದಲಿಸಲಾಗದೆ ಎಂದು ಯೋಚಿಸಿದ ನಗರಸಭೆ ವಿರಳ. ಹಾಗೆಯೇ, ಭಾರಿ ಲಾರಿಗಳನ್ನು ಹಗಲು ತಡೆದು ರಾತ್ರಿ ಊರೊಳಗೆ ಬಿಡುವ ಏರ್ಪಾಡಿನಿಂದ ಹಗಲಿನ ದಟ್ಟಣೆ ತಗ್ಗುವುದು ದಿಟ. ಅವುಗಳ ಹೊಗೆ ಮಾತ್ರ ಗಾಳಿಯು ಅತ್ಯಂತ ಇಕ್ಕಟ್ಟಾಗಿರುವ ಹೊತ್ತಿನಲ್ಲಿ ಸುರಿಯುವುದು.

ಮೊಬೈಲಿನಲ್ಲಿ ಗಾಳಿಯ ಸೂಚ್ಯಂಕವನ್ನು ನೋಡಿಕೊಂಡು ಓಡಲು ಹೊರಡುವ ತರುಣರು ಇನ್ನೊಂದು ಮಾತನ್ನು ಅರಿತಿರಬೇಕು. 2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕವು ಕಣಗಳ ಮಟ್ಟಿಗೆ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯನ್ನು ಆಧರಿಸಿದೆ. ಬೆಳಿಗ್ಗೆ ಏಳಕ್ಕೆ ಕಾಣುವ ಅಂಕಿಯಲ್ಲಿ ನಿನ್ನೆಯ ಮಧ್ಯಾಹ್ನದ ತಿಳಿಗಾಳಿಯೂ ಬೆರೆತಿರುತ್ತದೆ. ಆ ಗಳಿಗೆಯ ಗಾಳಿ ಅದಕ್ಕಿಂತ ಕೆಟ್ಟದಿರಬಹುದು. ಪೊಲೀಸ್ ಮತ್ತು ಸೇನೆಯ ದೈಹಿಕ ಪರೀಕ್ಷೆಗೆಂದು ನಮ್ಮ ಊರುಗಳ ಹುಡುಗ ಹುಡುಗಿಯರು ನಸುಕಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ಓಡುವುದನ್ನು ಎಲ್ಲರೂ ಕಂಡಿದ್ದೇವೆ. ಸುಮ್ಮನೆ ಕುಳಿತವನು ನಿಮಿಷಕ್ಕೆ ಆರರಿಂದ ಎಂಟು ಲೀಟರು ಗಾಳಿಯನ್ನು ಸೇದಿಕೊಂಡರೆ, ಜೋರಾಗಿ ಓಡುವವನು ಅರವತ್ತು ಲೀಟರನ್ನೂ ಮೀರುವನು. ಅದೂ ಬಾಯಿಯಿಂದ, ಮೂಗಿನ ಸೋಸುಬಲೆಯನ್ನು ತಪ್ಪಿಸಿ. ಓಟವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹೆದ್ದಾರಿಯನ್ನು ಬಿಟ್ಟು ಹೊಲದ ದಾರಿ ಹಿಡಿಯಬಹುದು. ಚಳಿಗಾಲದಲ್ಲಿ ರಜೆಯ ದಿನ ಬಿಸಿಲೇರಿದ ಮೇಲೆ, ಉಳಿದ ದಿನ ಸಂಜೆ ನಾಲ್ಕೂವರೆಗೆ ಓಡಬಹುದು. ಮುಂಜಾವಿನ ಗಾಳಿಯೇ ಅತ್ಯಂತ ಶುದ್ಧವೆಂದು ಹಿರಿಯರು ಹೇಳಿದಾಗ ಊರಿನಲ್ಲಿ ಎತ್ತಿನ ಗಾಡಿಗಳಿದ್ದವು. ಒಲೆಗಳು ಆಗಲೂ ಇದ್ದವು ಎನ್ನುವಿರಾದರೆ, ನಿಜ; ಆ ಒಲೆಯ ಮುಂದೆ ಕುಳಿತು ಊದುತ್ತಿದ್ದ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

ಮುಚ್ಚಳ ಏಳದೆ ಹೋದರೆ ಏನಾಗುವುದೆಂಬುದನ್ನು ಜಗತ್ತು ಒಮ್ಮೆ ಕಂಡಿತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಚಳಿಗಾಲದ ವಿಪರ್ಯಯವು ಹಗಲೂ ಕರಗದೆ ನಿಂತಿತು. ಕಲ್ಲಿದ್ದಲಿನ ಒಲೆಗಳ ಹೊಗೆಯೆಲ್ಲ ಊರಿನೊಳಗೇ ಉಳಿಯಿತು. ಆಗಿನ ಲೆಕ್ಕದಂತೆ ಸುಮಾರು ನಾಲ್ಕು ಸಾವಿರ ಮಂದಿ ಸತ್ತರು. ಮುಂದಿನ ಸಂಶೋಧಕರು ಆ ಸಂಖ್ಯೆ ಹನ್ನೆರಡು ಸಾವಿರದಷ್ಟಿರಬಹುದೆಂದರು. ನಮ್ಮ ಬಯಲುಸೀಮೆಯ ಬಿಸಿಲು ಚಳಿಗಾಲದಲ್ಲಿಯೂ ಪ್ರಖರವಾದುದರಿಂದ ಮುಚ್ಚಳವು ದಿನವೂ ಏಳುವುದು. ಇದು ನಮಗೆ ಬಂದ ಪುಣ್ಯ.

ಮುಚ್ಚಳದ ಏರಿಳಿತವನ್ನು ಯಂತ್ರವಿಲ್ಲದೆಯೂ ಗುರುತಿಸಬಹುದು. ನಿಮ್ಮ ಶಾಲೆಯ ಮಾಳಿಗೆಯಿಂದ ಐದಾರು ಕಿಲೊಮೀಟರು ದೂರದಲ್ಲಿ ಕಾಣುವ ಗುಡ್ಡವನ್ನೋ ನೀರಿನ ತೊಟ್ಟಿಯನ್ನೋ ಗೊತ್ತುಮಾಡಿಕೊಳ್ಳಿರಿ. ಬೆಳಿಗ್ಗೆ ಏಳು, ಹತ್ತು, ಮಧ್ಯಾಹ್ನ ಮೂರು, ಸಂಜೆ ಆರು, ಈ ನಾಲ್ಕು ಹೊತ್ತಿಗೆ ಅದು ಸ್ಪಷ್ಟವಾಗಿ ಕಾಣುವುದೋ, ಮಸಕಾಗಿ ಕಾಣುವುದೋ, ಕಾಣುವುದೇ ಇಲ್ಲವೋ ಎಂಬುದನ್ನು ಒಂದು ತಿಂಗಳ ಕಾಲ ಬರೆದಿಡಿರಿ. ಹತ್ತಿರದಲ್ಲಿ ಒಲೆಯ ಹೊಗೆಯಿದ್ದರೆ ಅದು ನೆಟ್ಟಗೆ ಏರಿತೋ ಅಡ್ಡಲಾಗಿ ಹರಡಿತೋ ಎಂಬುದನ್ನೂ ಗುರುತಿಸಿರಿ. ಒಂದು ಎಚ್ಚರಿಕೆ: ಬೆಳಗಿನ ತೇವದಲ್ಲಿ ಅನೇಕ ಕಣಗಳು ನೀರನ್ನು ಹೀರಿ ಉಬ್ಬುವುದರಿಂದ ಮಬ್ಬು ಇದ್ದುದಕ್ಕಿಂತ ಹೆಚ್ಚಾಗಿ ತೋರುವುದು, ಇಬ್ಬನಿ ಬಿದ್ದ ದಿನವನ್ನು ಬೇರೆ ಗುರುತಿನಿಂದ ಬರೆಯಬೇಕು. ದೀಪಾವಳಿಯ ರಾತ್ರಿಯ ಮರುದಿನದ ಏಳು ಗಂಟೆಯನ್ನು ಮಾತ್ರ ತಪ್ಪಿಸಬೇಡಿರಿ. ಮಳೆ ಸುರಿದ ಮರುದಿನದ ಪುಟವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.